ಮೊಬೈಲಿನ ಸೆಂಚುರಿ, ಮೈದಾನದ ಹನ್ನೆರಡು ಬಾಲು: ಎರಡನ್ನೂ ಅಳೆದು ನೋಡುವುದು ಹೇಗೆ

ಶಿವಮೊಗ್ಗದಲ್ಲಿ ಜೂನ್ ಬಂತು ಅಂದರೆ ನಮ್ಮ ಶಾಲೆಯ ಮೈದಾನ ಗದ್ದೆಯಾಗುತ್ತದೆ. ನಾನು ಅಲ್ಲಿ ಪಿ.ಟಿ. ಟೀಚರ್, ಹತ್ತೊಂಬತ್ತು ವರ್ಷದಿಂದ. ಮಳೆ ಹಿಡಿದ ತಿಂಗಳುಗಳಲ್ಲಿ ಮಕ್ಕಳ ಕೈಯಲ್ಲಿ ಬ್ಯಾಟ್ ಕಡಿಮೆ, ಮೊಬೈಲ್ ಜಾಸ್ತಿ. ಮಳೆ ಬಿಟ್ಟು ನೆಲ ಒಣಗಿ, ಕ್ರಿಕೆಟ್ ಟೀಮ್ ಆರಿಸಲು ಕೂತಾಗ ಯಾರಾದರೂ ತಾಯಿ ಬಂದು ಹೇಳುತ್ತಾರೆ: “ಮಿಸ್, ಮೊಬೈಲ್ ಕ್ರಿಕೆಟ್ ಗೇಮ್‌ನಲ್ಲಿ ದಿನಾ ಸೆಂಚುರಿ ಹೊಡೀತಾನೆ, ಒಂದ್ಸಲ ನೋಡಿ.” ಅದೇ ವಾರ ಇನ್ನೊಬ್ಬ ಹುಡುಗಿಯ ಅಪ್ಪ ಬಂದು, “ಆ ಮೊಬೈಲ್‌ನಿಂದಲೇ ಇವಳ ಆಟ ಕೆಟ್ಟಿದ್ದು ಮೇಡಂ” ಅನ್ನುತ್ತಾರೆ. ಇಬ್ಬರಿಗೂ ಮಕ್ಕಳ ಮೇಲೆ ಕಾಳಜಿ ಇದೆ. ಆದರೆ ಇಬ್ಬರೂ ಅಳೆದು ನೋಡಿಲ್ಲ.

ಗೇಮ್‌ನ ಆಟ ಮೈದಾನಕ್ಕೆ ಎಷ್ಟು ಬರುತ್ತದೆ ಎಂದು ಅಳೆಯಬಹುದು. ದೊಡ್ಡ ಸಾಮಾನು ಏನೂ ಬೇಡ, ಎರಡು ಭಾನುವಾರ ಸಾಕು. ಮೂರು ವರ್ಷ ಮಾಡಿ, ತಿದ್ದಿ, ಈಗ ನಾನು ಅನುಸರಿಸುವ ಕ್ರಮ ಇದು.

ಮೊದಲ ಸಲ ನಾನು ಮಾಡಿದ್ದು ತಪ್ಪು ಕ್ರಮ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಹಾಗೆ ಮಾಡಬಾರದು ಅಂತ. ಅಕ್ಕನ ಮಗ ರಜೆಗೆ ಬಂದಿದ್ದ, ಹದಿನಾಲ್ಕು ವರ್ಷ. ರಾತ್ರಿ ಊಟ ಆದಮೇಲೆ ಇಬ್ಬರೂ ಗೇಮ್ ಆಡಿದೆವು. ಅವನದು 118 ರನ್, ನನ್ನದು 31. “ಚಿಕ್ಕಮ್ಮ, ನೀವು ಪ್ರತಿ ಸಲ ಲೇಟು” ಅಂದ. ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು. ಮರುದಿನ ಬೆಳಿಗ್ಗೆ ಅವನನ್ನು ನೆಟ್ಸ್‌ಗೆ ಕರೆದುಕೊಂಡು ಹೋಗಿ, ಪ್ಯಾಡು ಗ್ಲೌಸು ಕಟ್ಟಿ, ನೇರ ಲೆದರ್ ಬಾಲ್ ಹಾಕಿದೆ. ಹನ್ನೆರಡು ಬಾಲಿಗೆ ಎರಡು ಬ್ಯಾಟಿಗೆ ತಗುಲಿದವು. ಒಂಬತ್ತನೆಯದು ಬಲಗೈ ತೋರುಬೆರಳಿಗೆ ಬಡಿಯಿತು. ಗ್ಲೌಸ್ ಇದ್ದರೂ ಬೆರಳು ಊದಿತು. ಆ ರಜೆಯಲ್ಲಿ ಅವನು ಮತ್ತೆ ಬ್ಯಾಟ್ ಮುಟ್ಟಲಿಲ್ಲ. ನಾನು ಅವನನ್ನು ಅಳೆಯಲಿಲ್ಲ, ಹೆದರಿಸಿದೆ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಇದೆ.

ಸ್ಕೋರಿನ ಪಕ್ಕ ಸ್ಕೋರು ಇಡಬೇಡಿ

ಬ್ಯಾಟಿಂಗ್ ಒಂದು ಕೆಲಸ ಅಲ್ಲ. ಬೌಲರ್ ಕೈ ನೋಡಬೇಕು, ಬಾಲು ಎಲ್ಲಿ ಬೀಳುತ್ತದೆ ಎಂದು ಊಹಿಸಬೇಕು, ಯಾವ ಹೊಡೆತ ಎಂದು ತೀರ್ಮಾನಿಸಬೇಕು, ಕಾಲು ಅಲ್ಲಿಗೆ ಹೋಗಬೇಕು, ಬ್ಯಾಟಿನ ಮಧ್ಯಭಾಗ ಬಾಲಿಗೆ ಸಿಗಬೇಕು. ಹೆದರಬಾರದು. ಆಮೇಲೆ ಓಡಬೇಕು. ಗೇಮ್ ಇದರಲ್ಲಿ ಕೆಲವನ್ನು ನಿಮಗೆ ಬಿಡುತ್ತದೆ, ಕೆಲವನ್ನು ತಾನೇ ಮಾಡಿ ಮುಗಿಸುತ್ತದೆ. ಕಾಲು ಅದೇ ಇಡುತ್ತದೆ. ಓಟ ಅದೇ ಓಡುತ್ತದೆ. ಆದ್ದರಿಂದ 118 ಮತ್ತು 31ನ್ನು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಬ್ಯಾಟಿಂಗನ್ನು ಬಿಡಿಸಿ ತುಂಡು ಮಾಡಿ, ಒಂದೊಂದು ತುಂಡನ್ನು ಎರಡೂ ಕಡೆ ಅಳೆಯಬೇಕು.

ಗೇಮ್ ಮಾಡಿಕೊಡುವ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಗೊತ್ತಾ? ಪಿಚ್ ಮೇಲೆ ಮೂಡುವ ಆ ಚಿಕ್ಕ ಗುರುತು. ಬಾಲು ಬೀಳುವ ಜಾಗವನ್ನು ಅದು ಮೊದಲೇ ತೋರಿಸಿಬಿಡುತ್ತದೆ. ನಾನು ಆಡಿದ ಗೇಮ್‌ಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಅದು ಇತ್ತು. ನಿಜವಾದ ಬ್ಯಾಟಿಂಗ್‌ನಲ್ಲಿ ಅತಿ ಕಷ್ಟದ ಕೆಲಸವೇ ಅದು.

2000ನೇ ಇಸವಿಯಲ್ಲಿ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಎಂಬ ಇಬ್ಬರು ವಿಜ್ಞಾನಿಗಳು ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ, ಅವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿದರು. ಬಾಲನ್ನು ಉದ್ದಕ್ಕೂ ಯಾರೂ ಹಿಂಬಾಲಿಸುವುದಿಲ್ಲ. ಹೊರಟ ಕೂಡಲೇ ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಕಣ್ಣು ಥಟ್ಟನೆ ಬಾಲು ಬೀಳುವ ಜಾಗಕ್ಕೆ ಹಾರಿ, ಅಲ್ಲಿ ಅದಕ್ಕಾಗಿ ಕಾಯುತ್ತದೆ. ಒಳ್ಳೆಯ ಬ್ಯಾಟ್ಸ್‌ಮನ್‌ನ ಕಣ್ಣು ಬೇಗ ಹಾರುತ್ತದೆ. ಇದನ್ನು ಓದಿದ ದಿನ ನನಗೆ ಅಕ್ಕನ ಮಗನ ವಿಷಯ ಪೂರ್ತಿ ಅರ್ಥವಾಯಿತು. ಮೊಬೈಲ್‌ನಲ್ಲಿ ಆ ಹಾರುವ ಕೆಲಸವನ್ನು ಗುರುತೇ ಮಾಡಿಕೊಡುತ್ತಿತ್ತು. ನೆಟ್ಸ್‌ನಲ್ಲಿ ಗುರುತು ಇರಲಿಲ್ಲ.

ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆಯಲು ಬರುತ್ತದಾ ನೋಡಿ. ಕೆಲವು ಗೇಮ್‌ಗಳಲ್ಲಿ ಕಷ್ಟದ ಮಟ್ಟ ಏರಿಸಿದರೆ ತಾನೇ ಹೋಗುತ್ತದೆ. ಎರಡೂ ಆಗದಿದ್ದರೆ, ಗುರುತು ಬರುವ ಜಾಗಕ್ಕೆ ಕಾಗದದ ಪಟ್ಟಿಯೊಂದನ್ನು ಪರದೆಯ ಮೇಲೆ ಅಂಟಿಸಿ. ಬಾಲು ಒಂದು ಕ್ಷಣ ಮರೆಯಾದರೂ ಪರವಾಗಿಲ್ಲ.

ಬೇಕಾದ ಸಾಮಾನು

30 ಸೆಂ.ಮೀ. ಸ್ಕೇಲು, ಅಳತೆ ಟೇಪು, ಸೀಮೆಸುಣ್ಣ, ಟೆನಿಸ್ ಬಾಲು ಆರು, ಬ್ಯಾಟು, ಸ್ಲೋ ಮೋಷನ್ ಇರುವ ಫೋನು, ಒಂದು ನೋಟ್‌ಬುಕ್. ಆರು ಮಕ್ಕಳಿದ್ದರೆ ಒಳ್ಳೆಯದು. ಅವರಲ್ಲಿ ಗೇಮ್ ಜಾಸ್ತಿ ಆಡುವವರೂ ಮೈದಾನದಲ್ಲಿ ಜಾಸ್ತಿ ಆಡುವವರೂ ಇರಲಿ. ಎಲ್ಲರೂ ಒಂದೇ ಗೇಮ್, ಒಂದೇ ಮಟ್ಟ, ಒಂದೇ ಫೋನು. ಟಿವಿಗೆ ಜೋಡಿಸಿ ಆಡುವುದಾದರೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಬ್ಯಾಟ್ ಬೀಸಿದ್ದಕ್ಕೂ ನಡುವೆ ತಡ ಉಳಿಯುತ್ತದೆ, ಪಾಪ, ಆ ತಪ್ಪು ಮಗುವಿನ ತಲೆಗೆ ಬರುತ್ತದೆ.

ಇನ್ನೊಂದು ಮಾತು. ಗೇಮ್ ಆಡದ ಮಗುವಿಗೆ ಬಟನ್ ರೂಢಿಯಾಗಲು ಒಂದು ವಾರ ಕೊಡಿ. ಬ್ಯಾಟ್ ಹಿಡಿಯದ ಮಗುವಿಗೆ ಮೂರು ಸಂಜೆ ಥ್ರೋಡೌನ್, ಅಂದರೆ ಬೌಲ್ ಮಾಡದೆ ಹತ್ತಿರದಿಂದ ಎಸೆಯುವ ಬಾಲು, ಕೊಡಿ. ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ಸ್ವಂತ ಫೋನ್ ಇಲ್ಲ. ಮೊದಲ ದಿನ ಗೇಮ್‌ನಲ್ಲಿ 20 ಬಾಲಿಗೆ 6 ಸರಿಯಾಗಿ ಹೊಡೆದಳು. ಹತ್ತು ದಿನ ಬಿಟ್ಟು 13. ಕಣ್ಣು ಅವಳಿಗೆ ಮೊದಲೇ ಇತ್ತು. ಹೆಬ್ಬೆರಳು ಕಲಿಯಬೇಕಿತ್ತು ಅಷ್ಟೇ.

ಸ್ಕೇಲು ಬೀಳಿಸುವುದು

ಇದು ಚಿಕ್ಕದು, ಬೇಗ ಮುಗಿಸಿ. ಸ್ಕೇಲಿನ ಮೇಲಿನ ತುದಿ ನೀವು ಹಿಡಿಯಿರಿ. ಮಗುವಿನ ಹೆಬ್ಬೆರಳು ಮತ್ತು ತೋರುಬೆರಳು ಸೊನ್ನೆಯ ಹತ್ತಿರ, ಮುಟ್ಟದ ಹಾಗೆ. ಹೇಳದೆ ಬಿಡಿ. ಹಿಡಿದ ಜಾಗ 15 ಸೆಂ.ಮೀ. ಆದರೆ ಸುಮಾರು 0.17 ಸೆಕೆಂಡು. 20 ಆದರೆ 0.20, 25 ಆದರೆ 0.23. ಐದು ಸಲ ಮಾಡಿ ನಡುವಿನದನ್ನು ಬರೆದುಕೊಳ್ಳಿ.

ನಮ್ಮಲ್ಲಿ ಪ್ರತಿ ವರ್ಷ ಎಲ್ಲರದೂ ಹೆಚ್ಚು ಕಡಿಮೆ ಒಂದೇ ಬರುತ್ತದೆ. ಗೇಮ್ ಆಡುವವರು, ಮೈದಾನದಲ್ಲಿ ಆಡುವವರು, ಎರಡೂ ಆಡದವರು, ಭೇದವೇ ಇಲ್ಲ. ಹಾಗಾದರೆ ಇದನ್ನು ಯಾಕೆ ಮಾಡಬೇಕು? “ನಮ್ಮ ಹುಡುಗನಿಗೆ ರಿಫ್ಲೆಕ್ಸ್ ಚೆನ್ನಾಗಿದೆ, ಗೇಮ್ ಆಡ್ತಾನಲ್ಲ” ಎಂಬ ಮಾತು ಮೊದಲ ಹತ್ತು ನಿಮಿಷದಲ್ಲೇ ಪಕ್ಕಕ್ಕೆ ಸರಿಯುತ್ತದೆ, ಅದಕ್ಕೆ. ಶಾಲಾ ಮಟ್ಟದ ವೇಗದ ಬೌಲರ್ ಗಂಟೆಗೆ 90 ಕಿ.ಮೀ. ಹಾಕಿದರೆ, ಕ್ರೀಸಿನಿಂದ ಕ್ರೀಸಿಗೆ ಇರುವ 17.68 ಮೀಟರ್ ದಾಟಲು ಬಾಲಿಗೆ ಸುಮಾರು 0.7 ಸೆಕೆಂಡು ಬೇಕು. 140 ಕಿ.ಮೀ. ಆದರೆ ಹೆಚ್ಚು ಕಡಿಮೆ ಅರ್ಧ ಸೆಕೆಂಡು. ಅದರಲ್ಲಿ 0.2 ಎಲ್ಲರಿಗೂ ಸುಮ್ನೆ ಕಳೆದುಹೋಗುತ್ತದೆ. ಉಳಿದ ಹೊತ್ತನ್ನು ಯಾರು ಹೇಗೆ ಬಳಸುತ್ತಾರೆ ಎಂಬಲ್ಲಿ ಭೇದ ಇರುವುದು.

ಲೆಂತ್ ಓದುವುದು

ನನಗೆ ಅತಿ ಇಷ್ಟದ ಪರೀಕ್ಷೆ ಇದು. ಲೆಂತ್ ಅಂದರೆ ಬಾಲು ಪಿಚ್ ಮೇಲೆ ಎಷ್ಟು ದೂರದಲ್ಲಿ ಬೀಳುತ್ತದೆ ಎಂಬುದು: ಬ್ಯಾಟ್ಸ್‌ಮನ್‌ಗೆ ಹತ್ತಿರ ಬಿದ್ದರೆ ಫುಲ್, ದೂರದಲ್ಲೇ ಬಿದ್ದರೆ ಶಾರ್ಟ್, ನಡುವೆ ಗುಡ್ ಲೆಂತ್. ಸಮಯ ಕೊಟ್ಟು ಮಾಡಿ.

ಶನಿವಾರ ಒಬ್ಬ ಬೌಲರನ್ನು ಕರೆದು, ಬ್ಯಾಟ್ಸ್‌ಮನ್ ನಿಲ್ಲುವ ಜಾಗದಲ್ಲಿ ತಲೆಯ ಎತ್ತರಕ್ಕೆ ಫೋನ್ ಇಡಿ. ಟೆನಿಸ್ ಬಾಲಲ್ಲೇ ಮಾಡಿಸಿ, ಫೋನ್ ಒಡೆಯಬಾರದಲ್ಲ. 20 ಬಾಲು ರೆಕಾರ್ಡ್ ಮಾಡಿ. ಭಾನುವಾರ ಮಕ್ಕಳಿಗೆ ಒಂದೊಂದೇ ತೋರಿಸಿ, ಬಾಲು ಕೈ ಬಿಟ್ಟ ತಕ್ಷಣ ನಿಲ್ಲಿಸಿ. “ಶಾರ್ಟ್, ಗುಡ್ ಲೆಂತ್, ಫುಲ್?” ಎಂದು ಕೇಳಿ. ಉತ್ತರ ಬಾಯಲ್ಲಿ ಹೇಳಿಸಬೇಡಿ, ಬರೆಸಿ. ಒಬ್ಬ ಹೇಳಿದ್ದನ್ನೇ ಉಳಿದವರೂ ಹೇಳುತ್ತಾರೆ.

ಗೇಮ್‌ನಲ್ಲೂ ಹಾಗೆಯೇ. ಗುರುತು ತೆಗೆದು 20 ಬಾಲು ಆಡಿಸಿ, ಪರದೆಯನ್ನೇ ರೆಕಾರ್ಡ್ ಮಾಡಿಕೊಂಡು, ಅದೇ ಕ್ಷಣಕ್ಕೆ ನಿಲ್ಲಿಸಿ ಕೇಳಿ.

ಮೂರರಲ್ಲಿ ಒಂದು ಆರಿಸುವುದು, ಆದ್ದರಿಂದ ಕಣ್ಣು ಮುಚ್ಚಿ ಹೇಳಿದರೂ 20ಕ್ಕೆ 6–7 ಸರಿಯಾಗುತ್ತವೆ. 8 ಬಂದರೆ ಹಿಗ್ಗಬೇಡಿ. 12 ದಾಟಿದರೆ ಆ ಮಗು ನಿಜಕ್ಕೂ ಏನನ್ನೋ ನೋಡುತ್ತಿದೆ. ಏನು ನೋಡಿದೆ ಅಂತ ಕೇಳಿ. ಆ ಒಂಬತ್ತನೇ ತರಗತಿಯ ಹುಡುಗಿ ವಿಡಿಯೊದಲ್ಲಿ 15 ಹೇಳಿದಳು. “ಕೈ ಬೇಗ ಬಿಟ್ಟರೆ ಮುಂದೆ ಬೀಳುತ್ತೆ ಮಿಸ್, ತಡ ಮಾಡಿದರೆ ಶಾರ್ಟು” ಅಂದಳು. ಅದನ್ನು ಅವಳಿಗೆ ನಾನು ಕಲಿಸಿರಲಿಲ್ಲ. ಅವಳ ಮನೆಯ ಹಿಂದೆ ಅಣ್ಣಂದಿರು ದಿನಾ ಬೌಲ್ ಮಾಡುತ್ತಾರೆ, ಇವಳು ಅಲ್ಲಿ ಆಡುತ್ತಾ ಬೆಳೆದವಳು. ಅಕ್ಕನ ಮಗ, ಎರಡು ವರ್ಷದ ಮೇಲೆ ಮತ್ತೆ ಬಂದಾಗ, ಗೇಮ್‌ನಲ್ಲಿ 12, ವಿಡಿಯೊದಲ್ಲಿ 9. ಗುರುತು ತೆಗೆದ ಮೊದಲ ದಿನ ಗೇಮ್‌ನಲ್ಲೂ ಅವನು ತಡವರಿಸಿದ್ದ. ಗೇಮ್‌ನ ಬೌಲರ್ ಪ್ರತಿ ಸಲ ಒಂದೇ ತರಹ ಓಡಿ ಬಂದು ಒಂದೇ ತರಹ ಕೈ ಎತ್ತುತ್ತಾನೆ. ಮಣಿಕಟ್ಟಿನಲ್ಲಿ ಸಿಗುವ ಸುಳಿವು ಅಲ್ಲಿ ಕಡಿಮೆ.

ಈ ಪರೀಕ್ಷೆಗೆ ಥ್ರೋಡೌನ್ ಆಗದು, ಬೌಲರೇ ಬೇಕು. ಥ್ರೋಡೌನ್ ಕಡಿಮೆ ಅಂತ ಅಲ್ಲ. ನಮ್ಮ ಕುಮಟಾದ ರಾಘವೇಂದ್ರ ಅವರು ಸೈಡ್‌ಆರ್ಮ್ ಎಂಬ ಉದ್ದ ಹಿಡಿಯ ಸಾಧನದಿಂದ ಎಸೆದ ಬಾಲನ್ನೇ ಆಡಿ ಭಾರತ ತಂಡದವರು ವೇಗಕ್ಕೆ ತಯಾರಾಗುತ್ತಾರೆ. ಆದರೆ ಅದರಲ್ಲಿ ಸಿಗುವುದು ವೇಗದ ರೂಢಿ. ಬೌಲರ್ ಮೈ ಓದುವುದು ಬೇರೆ ಪಾಠ.

ಟೈಮಿಂಗ್

ಟೈಮಿಂಗ್‌ಗೆ ಮಾತ್ರ ಥ್ರೋಡೌನ್ ಸರಿ. ಹತ್ತು ಮೀಟರ್ ದೂರದಿಂದ, ಒಂದೇ ವೇಗದಲ್ಲಿ, ಒಬ್ಬರೇ ಎಸೆಯಬೇಕು.

ಬ್ಯಾಟಿನ ಮುಖದ ಮೇಲೆ ಪೆನ್ಸಿಲ್‌ನಲ್ಲಿ ಎರಡು ಗೆರೆ ಎಳೆಯಿರಿ, ಕೆಳತುದಿಯಿಂದ 12 ಸೆಂ.ಮೀ.ಗೆ ಒಂದು, 22ಕ್ಕೆ ಇನ್ನೊಂದು. ಅವುಗಳ ನಡುವೆ ತಗುಲಿದರೆ ಮಧ್ಯಕ್ಕೆ ಸಿಕ್ಕಿದಂತೆ. ಟೆನಿಸ್ ಬಾಲಿಗೆ ಸೀಮೆಸುಣ್ಣ ಚೆನ್ನಾಗಿ ಉಜ್ಜಿ. ತಗುಲಿದಲ್ಲಿ ಬಿಳಿ ಅಚ್ಚು ಬೀಳುತ್ತದೆ. ನೋಡಿ, ಬರೆದುಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ ಮುಂದಿನದು. 24 ಬಾಲು. ಗೇಮ್‌ನಲ್ಲಿ 24 ಬಾಲು ಆಡಿಸಿ, ‘ಪರ್ಫೆಕ್ಟ್’ ಅಥವಾ ಅದಕ್ಕೆ ಸಮನಾದ ಸೂಚನೆ ಎಷ್ಟು ಸಲ ಬಂತು ಎಣಿಸಿ.

ಇಲ್ಲಿ ಎರಡೂ ಅಂಕೆ ಒಂದೇ ತೂಕದ್ದಲ್ಲ ಎಂಬುದು ನೆನಪಿರಲಿ. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ ಅಂದುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದ ನಿಜವಾದ ಬಾಲು ಆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಹೋಗುವುದರೊಳಗೆ 46 ಸೆಂ.ಮೀ. ದಾಟಿರುತ್ತದೆ. ಬ್ಯಾಟಿನ ಅಗಲ ನಿಯಮದ ಪ್ರಕಾರ 10.8 ಸೆಂ.ಮೀ. ಮೀರುವಂತಿಲ್ಲ. ಗೇಮ್‌ನಲ್ಲಿ ‘ಯಾವಾಗ’ ಎಂಬುದು ಸರಿಯಾದರೆ ‘ಎಲ್ಲಿ’ ಎಂಬುದು ತಾನೇ ಸರಿಹೋಗುತ್ತದೆ. ಮೈದಾನದಲ್ಲಿ ಎರಡೂ ಒಟ್ಟಿಗೆ ಸರಿಯಾಗಬೇಕು. ಹಾಗಾಗಿ ಗೇಮ್‌ನ 18ನ್ನು ಮೈದಾನದ 11ರ ಪಕ್ಕ ಇಟ್ಟು ಯಾರೂ ಮಗುವನ್ನು ಹಂಗಿಸಬೇಡಿ. ಮಕ್ಕಳ ನಡುವೆ ಯಾರು ಯಾರ ಮುಂದೆ ಎಂಬುದನ್ನಷ್ಟೇ ಇಟ್ಟುಕೊಳ್ಳಿ. ಅದು ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಹಿಂಗಾಲಿನ ಗೆರೆ

ಗೇಮ್‌ನಲ್ಲಿ ಇಲ್ಲವೇ ಇಲ್ಲದ ಒಂದು ವಿಷಯ ಭಯ. ಲೆದರ್ ಬಾಲು 156ರಿಂದ 163 ಗ್ರಾಂ ತೂಗುತ್ತದೆ. ಹೆಣ್ಣುಮಕ್ಕಳ ಆಟದ್ದು ಸ್ವಲ್ಪ ಹಗುರ, 140ರಿಂದ 151. ಟೆನಿಸ್ ಬಾಲು 60 ಗ್ರಾಂ ಕೂಡ ಇಲ್ಲ. ತೂಕದ ಈ ಭೇದ ಮೈಗೆ ಮೊದಲು ಗೊತ್ತಾಗುತ್ತದೆ, ಬುದ್ಧಿಗೆ ಆಮೇಲೆ.

ಭಯವನ್ನು ಕೇಳಿ ತಿಳಿಯಲು ಆಗುವುದಿಲ್ಲ. ಯಾವ ಮಗುವೂ “ಹೆದರಿಕೆ ಆಗ್ತಿದೆ” ಎನ್ನುವುದಿಲ್ಲ. ಕಾಲನ್ನು ನೋಡಬೇಕು. ಮಗು ನಿಂತ ಮೇಲೆ ಹಿಂಗಾಲಿನ ಸುತ್ತ ಸೀಮೆಸುಣ್ಣದಲ್ಲಿ ಅಚ್ಚು ಬರೆಯಿರಿ. ಪಕ್ಕದಿಂದ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಮೊದಲು ಟೆನಿಸ್ ಬಾಲು 12. ಬಾಲು ಬರುವ ಮೊದಲೇ ಆ ಕಾಲು ಲೆಗ್ ಕಡೆಗೆ (ಬೆನ್ನಿನ ಕಡೆಗೆ) ಎಷ್ಟು ಸಲ ಸರಿಯಿತು ಎಣಿಸಿ. ಇನ್ನೊಂದು ದಿನ ಹೆಲ್ಮೆಟ್, ಪ್ಯಾಡು, ಗ್ಲೌಸು, ಗಾರ್ಡು ಎಲ್ಲ ಹಾಕಿಸಿ, ಲೆದರ್ ಬಾಲಲ್ಲಿ ಮೆಲ್ಲಗೆ 12. ಎರಡರ ನಡುವಿನ ಭೇದವೇ ಭಯದ ಅಳತೆ. ಮಗು ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ. ಪುಸ್ತಕದಲ್ಲಿ ಆ ಜಾಗ ಖಾಲಿ ಇದ್ದರೆ ಏನೂ ಆಗುವುದಿಲ್ಲ.

ಅಕ್ಕನ ಮಗ ಆ ದಿನ ಆಡಿದ ಹನ್ನೆರಡು ಬಾಲನ್ನು ಈಗ ನೆನೆಸಿಕೊಂಡರೆ, ಅವನ ಕಾಲು ಎರಡನೇ ಬಾಲಿನಿಂದಲೇ ಓಡುತ್ತಿತ್ತು. ನಾನು ಅವನ ಕೈಯನ್ನಷ್ಟೇ ನೋಡುತ್ತಿದ್ದೆ.

ಉಸಿರು ಹತ್ತಿದ ಮೇಲೆ

ಎರಡು ರನ್ ಅಂದರೆ 35 ಮೀಟರ್ ಮತ್ತು ಒಂದು ತಿರುವು. ಬ್ಯಾಟ್ ಹಿಡಿದು ಅಂಥ ಎರಡೆರಡು ರನ್ ಆರು ಸಲ ಓಡಿಸಿ, ನಡುವೆ 20 ಸೆಕೆಂಡು ಬಿಡುವು. ಕೂಡಲೇ ಸೀಮೆಸುಣ್ಣದ ಪರೀಕ್ಷೆ ಮತ್ತೆ 12 ಬಾಲು. ಮೊದಲು ಅರ್ಧದಷ್ಟು ಮಧ್ಯಕ್ಕೆ ಸಿಗುತ್ತಿದ್ದ ಮಗುವಿಗೆ ಈಗ ಕಾಲುಭಾಗ ಸಿಕ್ಕರೆ, ಆ ಮಗುವಿಗೆ ಬೇಕಾದದ್ದು ಬ್ಯಾಟಿಂಗ್ ಪಾಠ ಅಲ್ಲ, ಓಟ. ಗೇಮ್ ಕಡೆಗೂ ಇದಕ್ಕೆ ಜೋಡಿ ಇದೆ: ಬಿಡುವಿಲ್ಲದೆ ಹತ್ತು ಓವರ್ ಆಡಿಸಿ, ಕೊನೆಯ ಎರಡು ಓವರ್‌ಗಳ ಟೈಮಿಂಗ್ ನೋಡಿ. ಅಲ್ಲಿ ದಣಿಯುವುದು ಗಮನ. ಇದರಲ್ಲಿ ನನ್ನ ಅಕ್ಕನ ಮಗ ಗಟ್ಟಿ. ಹತ್ತನೇ ಓವರ್‌ನಲ್ಲೂ ಮೊದಲ ಓವರ್‌ನ ಹಾಗೇ ಆಡುತ್ತಾನೆ. ಅದನ್ನು ಸಣ್ಣ ಗುಣ ಎಂದು ನಾನು ಎಣಿಸುವುದಿಲ್ಲ.

ಫೀಲ್ಡ್ ಓದುವುದು

ಇಲ್ಲಿ ಗೇಮ್ ಮಕ್ಕಳು ಮುಂದೆ. ಹಾಳೆಯ ಮೇಲೆ ಒಂದು ವೃತ್ತ ಬರೆದು ಒಂಬತ್ತು ಫೀಲ್ಡರ್‌ಗಳ ಚುಕ್ಕೆ ಇಡಿ. ಬೌಲರ್ ಯಾರು, ಎಷ್ಟನೇ ಓವರ್, ಎಷ್ಟು ರನ್ ಬೇಕು ಹೇಳಿ. “ಎಲ್ಲಿ ಹೊಡೀತೀಯ, ಬೌಲರ್ ಯಾಕೆ ಆ ಜಾಗ ಖಾಲಿ ಬಿಟ್ಟಿದ್ದಾನೆ?” ಎಂದು ಕೇಳಿ. ಹತ್ತು ಹಾಳೆ ಸಾಕು. ಗೇಮ್ ನಿಲ್ಲಿಸಿ ಅದೇ ಪ್ರಶ್ನೆಯನ್ನು ಅಲ್ಲೂ ಕೇಳಿ, ಅದು ಇದರ ಜೋಡಿ. ಟಿ20ಯಲ್ಲಿ ಮೊದಲ 6 ಓವರ್ ಪಿಚ್ ಸುತ್ತಲಿನ ಒಳವೃತ್ತದ ಹೊರಗೆ ಹೆಚ್ಚೆಂದರೆ ಇಬ್ಬರು ಇರಬಹುದು, ಆಮೇಲೆ ಐವರ ತನಕ ಇರಬಹುದು ಎಂಬುದನ್ನು ನಮ್ಮ ಬಹಳಷ್ಟು ಮಕ್ಕಳು ನನ್ನಿಂದ ಕಲಿಯಲಿಲ್ಲ, ಮೊಬೈಲ್‌ನಿಂದ ಕಲಿತರು. ಬ್ಯಾಟ್ ಹಿಡಿಯಲು ಬಾರದ ಒಬ್ಬ ಹುಡುಗ ಹತ್ತಕ್ಕೆ ಒಂಬತ್ತು ಸರಿ ಹೇಳಿದ. ಅವನನ್ನು ಆ ವರ್ಷ ಟೀಮ್ ಜೊತೆ ಕೂರಿಸಿಕೊಂಡೆ. ನಾಯಕಿ ಫೀಲ್ಡ್ ಬದಲಿಸುವ ಮೊದಲು ಅವನ ಕಡೆ ಒಂದು ಸಲ ನೋಡುತ್ತಿದ್ದಳು.

ಗೆರೆ ಎಳೆದು ನೋಡುವುದು

ಈಗ ನೋಟ್‌ಬುಕ್ ತೆಗೆಯಿರಿ. ಒಂದೊಂದು ಪರೀಕ್ಷೆಗೆ ಒಂದೊಂದು ಪುಟ. ಎಡಗಡೆ ಗೇಮ್‌ನಲ್ಲಿ ಮೊದಲು ಬಂದವರಿಂದ ಕೊನೆಯವರ ತನಕ ಹೆಸರು ಮೇಲಿನಿಂದ ಕೆಳಗೆ. ಬಲಗಡೆ ಮೈದಾನದ ಕ್ರಮ. ಅದೇ ಹೆಸರಿನಿಂದ ಅದೇ ಹೆಸರಿಗೆ ನೇರ ಗೆರೆ ಎಳೆಯಿರಿ. ಇಬ್ಬರಿಗೆ ಸಮ ಬಂದಿದ್ದರೆ ಇನ್ನೂ ಆರು ಬಾಲು ಆಡಿಸಿ ಬಿಡಿಸಿ. ಸ್ಕೇಲು ಮತ್ತು ಹಿಂಗಾಲಿನ ಪರೀಕ್ಷೆಗೆ ಗೇಮ್ ಕಡೆ ಜೋಡಿ ಇಲ್ಲ, ಅವುಗಳ ಅಂಕೆ ಬರೆದಿಟ್ಟರೆ ಸಾಕು.

ಗೆರೆಗಳು ಎಷ್ಟು ಕಡೆ ಒಂದನ್ನೊಂದು ದಾಟುತ್ತವೆ ಎಣಿಸಿ. ಆರು ಮಕ್ಕಳಿದ್ದರೆ ಹೆಚ್ಚೆಂದರೆ 15. ಒಂದೂ ದಾಟದಿದ್ದರೆ ಗೇಮ್‌ನ ಕ್ರಮವೇ ಮೈದಾನದ ಕ್ರಮ. 15 ಆದರೆ ಪೂರ್ತಿ ತಲೆಕೆಳಗು. 7–8ರ ಆಸುಪಾಸು ಬಂದರೆ ಆ ವಿಷಯದಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ಕ್ರಮವನ್ನಷ್ಟೇ ಹೋಲಿಸುವುದರಿಂದ, 18 ದೊಡ್ಡದೋ 11 ದೊಡ್ಡದೋ ಎಂಬ ಜಗಳವೇ ಇಲ್ಲ. ಆರು ಮಕ್ಕಳು ಅಂದರೆ ಚಿಕ್ಕ ಗುಂಪು, ಒಂದು ದಿನದ ಏರುಪೇರು ಇದ್ದೇ ಇರುತ್ತದೆ. ಆದ್ದರಿಂದ ಎರಡನೇ ಭಾನುವಾರ ಮತ್ತೆ ಮಾಡಿ. ಎರಡೂ ಸಲ ಕಂಡದ್ದನ್ನು ಮಾತ್ರ ನಂಬಿ.

ಕಳೆದ ವರ್ಷ ನಮ್ಮಲ್ಲಿ ಲೆಂತ್ ಓದುವುದಕ್ಕೆ 4 ಬಂತು, ಫೀಲ್ಡ್ ಓದುವುದಕ್ಕೆ 3, ಟೈಮಿಂಗ್‌ಗೆ 8. ನೋಡುವುದು, ಯೋಚಿಸುವುದು ಎರಡೂ ಕಡೆ ಓಡಾಡುತ್ತವೆ. ಬ್ಯಾಟ್ ಬೀಸುವುದು ಮಾತ್ರ ಇದ್ದಲ್ಲೇ ಉಳಿಯುತ್ತದೆ. ನಿಮ್ಮ ಮಕ್ಕಳಲ್ಲಿ ಬೇರೆ ಬರಬಹುದು.

ಬೇರೆ ಆಟದ ಗೇಮ್ ಹೋಲಿಸುವವರು ಮೊದಲು ಇದನ್ನು ಕೇಳಿಕೊಳ್ಳಿ: ಎರಡೂ ಕಡೆ ಕೈಕಾಲು ಒಂದೇ ಕೆಲಸ ಮಾಡುತ್ತವಾ? ಕಾರ್ ರೇಸ್‌ನಲ್ಲಿ ಮಾಡುತ್ತವೆ, ಸ್ಟೇರಿಂಗ್ ಮತ್ತು ಪೆಡಲ್ ಇಟ್ಟುಕೊಂಡು ಆಡಿದರೆ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ ಗ್ರ್ಯಾನ್ ಟುರಿಸ್ಮೊ ಎಂಬ ಕಾರ್ ರೇಸ್ ಗೇಮ್ ಆಡುತ್ತಾ, ಅದರ ಆಟಗಾರರಿಂದ ರೇಸ್ ಚಾಲಕರನ್ನು ಆರಿಸುವ ಜಿಟಿ ಅಕಾಡೆಮಿ ಸ್ಪರ್ಧೆಯನ್ನು 2011ರಲ್ಲಿ ಗೆದ್ದು, 2013ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸಿನ ಎಲ್‌ಎಂಪಿ2 ವಿಭಾಗದಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿದ್ದರು. ಫುಟ್‌ಬಾಲ್ ಗೇಮ್‌ನಲ್ಲಿ ಕಾಲಿನ ಕೆಲಸವನ್ನು ಹೆಬ್ಬೆರಳು ಮಾಡುತ್ತದೆ. ಅಲ್ಲಿ ಪಾಸ್ ಯಾರಿಗೆ ಎಂಬ ತೀರ್ಮಾನ ಹೋಲಿಸಿ, ಪಾಸ್ ಹೇಗೆ ಹೋಯಿತು ಎಂಬುದನ್ನು ಬಿಡಿ.

ನೋಟ್‌ಬುಕ್‌ನಲ್ಲಿ ತಾರೀಖು, ಎಸೆದವರು ಯಾರು, ಯಾವ ಬ್ಯಾಟು, ಗೇಮ್‌ನ ಮಟ್ಟ ಎಷ್ಟು ಎಂದು ಬರೆದಿಡಿ. ಆರು ವಾರ ಬಿಟ್ಟು ಮತ್ತೆ ಮಾಡುವಾಗ ಎಲ್ಲವೂ ಹಾಗೇ ಇರಬೇಕು. ಅಕ್ಕನ ಮಗ ಈ ದಸರಾ ರಜೆಗೆ ಬರುತ್ತಾನೆ. ಹೋದ ವಾರ ಫೋನ್ ಮಾಡಿ, “ಚಿಕ್ಕಮ್ಮ, ಲೆದರ್ ಬಾಲಲ್ಲೂ ಹನ್ನೆರಡು ಆಡ್ತೀನಿ, ನೀವು ಮೆಲ್ಲಗೆ ಹಾಕಿ” ಅಂದ. ಅವನ ಅಳತೆಯ ಗ್ಲೌಸ್ ತಂದಿಟ್ಟಿದ್ದೇನೆ.